ಸ್ಯಾಂಡ್‌ವಿಚ್ ಮೇಕರಿನ ಹಟಮಾರಿ ಜಿಡ್ಡೂ ಮೆದು ಸ್ವಭಾವದ ಸೋಡಾಪುಡಿಯೂ

ಸ್ಯಾಂಡ್‌ವಿಚ್ ಮೇಕರ್ ತಣ್ಣಗಿರುವಾಗ ತೆರೆದು, ಎರಡು ಪ್ಲೇಟುಗಳು ಕೂಡುವ ಹಿಂಬದಿಯ ಕೀಲಿನ ಹತ್ತಿರ ಬೆರಳಾಡಿಸಿ ನೋಡಿ. ನಡುವೆ ನುಣ್ಣಗಿರುವ ಪ್ಲೇಟು ಅಲ್ಲಿಗೆ ಬರುವಷ್ಟರಲ್ಲಿ ಬೆರಳನ್ನು ಹಿಡಿದುಕೊಳ್ಳುತ್ತದೆ. ಬೆಳಕಿಗೆ ತಿರುಗಿಸಿದರೆ ಜೇನುಬಣ್ಣದ, ಅಂಚಿನಲ್ಲಿ ಕಪ್ಪಿಗೆ ತಿರುಗಿದ ಒಂದು ಪದರ ಕಾಣುತ್ತದೆ. ಉಗುರಿನಿಂದ ಕೆರೆದರೆ ಏಳುವುದಿಲ್ಲ. ಪಾತ್ರೆ ಸೋಪು ಹಾಕಿ ಒರೆಸಿದರೆ ಒಂದಿಷ್ಟು ಹೊಳೆಯುತ್ತದೆ, ಒಣಗಿದ ಮೇಲೆ ಮತ್ತೆ ಅದೇ ಅಂಟು.

ಮಲೆನಾಡಿನ ಮನೆಗಳಲ್ಲಿ ಈ ಯಂತ್ರ ಹೆಚ್ಚು ದುಡಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆ ಹಿಡಿದುಕೊಂಡ ಸಂಜೆಗಳಲ್ಲಿ, ಶಾಲೆ ಬಿಟ್ಟು ತೊಯ್ದು ಬಂದ ಮಕ್ಕಳಿಗೆ, ಬೆಳಗ್ಗೆ ಉಳಿದ ಆಲೂಗೆಡ್ಡೆ ಪಲ್ಯವೇ ಬ್ರೆಡ್ಡಿನೊಳಗೆ ಹೂರಣವಾಗುತ್ತದೆ. ಅದೇ ನಾಲ್ಕು ತಿಂಗಳಲ್ಲಿ ಯಾವುದೂ ಸರಿಯಾಗಿ ಒಣಗುವುದೂ ಇಲ್ಲ. ಹಾಗಾಗಿ ಜಿಡ್ಡು ಹಿಡಿಯುವ ಕಾಲ ಮತ್ತು ತೊಳೆಯಲು ಕಷ್ಟವಾಗುವ ಕಾಲ ಎರಡೂ ಒಂದೇ ಆಗಿಬಿಡುತ್ತವೆ.

"ಸೋಡಾಪುಡಿ ಹಾಕಿ ತಿಕ್ಕು" ಎಂದು ಎಲ್ಲರೂ ಹೇಳುತ್ತಾರೆ. ಮಾತು ಸರಿಯೇ. ಆದರೆ ಸೋಡಾಪುಡಿ ಅಲ್ಲಿ ಹೋಗಿ ಏನು ಮಾಡುತ್ತದೆ ಎಂದು ತಿಳಿಯದೆ ಹಾಕಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಕೆಲವೊಮ್ಮೆ ಪ್ಲೇಟೇ ಹಾಳಾಗುತ್ತದೆ. ಅಡುಗೆ ಸೋಡಾ ಬಹಳ ದುರ್ಬಲವಾದ ಕ್ಷಾರ. ಈ ಯಂತ್ರಕ್ಕೆ ಅದು ಒಗ್ಗುವುದು ಆ ದೌರ್ಬಲ್ಯದಿಂದಲೇ. ಬಿಸಿ ಮಾಡಿ, ವಿನಿಗರ್ ಸುರಿದು, ಬಲ ಹಾಕಿ ಉಜ್ಜಿ ಅದನ್ನು ಜೋರು ಮಾಡಲು ಹೋಗುವುದೇ ತಪ್ಪು. ಅದಕ್ಕೆ ಕೊಡಬೇಕಾದದ್ದು ತೇವ ಮತ್ತು ಸಮಯ. ಯಾಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಅಂಟಿಕೊಂಡದ್ದು ಏನು?

ಪ್ಲೇಟಿನ ಮೇಲಿನ ಕೊಳೆ ನೋಡಲು ಒಂದೇ ಥರ ಕಂಡರೂ ಅದರಲ್ಲಿ ನಾಲ್ಕು ಬಗೆ ಇದೆ.

ಬ್ರೆಡ್ಡಿನ ಚೂರು, ಆಲೂಗೆಡ್ಡೆಯ ಹಿಟ್ಟು ಇವೆಲ್ಲ ಪಿಷ್ಟ. ಬಿಸಿಗೆ ಬೆಂದು ಅಂಟಾಗಿ, ನೀರಾರಿ ಗಟ್ಟಿಯಾಗಿರುತ್ತದೆ ಅಷ್ಟೇ. ಇದಕ್ಕೆ ಸೋಡಾ ಬೇಕಾಗಿಯೇ ಇಲ್ಲ. ಮತ್ತೆ ನೀರು ಕುಡಿದರೆ ಉಬ್ಬಿಕೊಂಡು ತಾನಾಗಿ ಬಿಡುತ್ತದೆ.

ಎರಡನೆಯದು ಬೆಣ್ಣೆ, ಚೀಸು, ಬ್ರೆಡ್ಡಿನ ಸಕ್ಕರೆ ಸೇರಿ ಆದ ಕಂದು ಪದರ. ಬೆಣ್ಣೆಯಲ್ಲಿ ಕೊಬ್ಬಿನ ಜೊತೆ ಸ್ವಲ್ಪ ಹಾಲಿನ ಪ್ರೋಟೀನು, ಹಾಲಿನ ಸಕ್ಕರೆಯೂ ಇರುತ್ತದೆ. ಸುಮಾರು 140 ಡಿಗ್ರಿ ದಾಟಿದರೆ ಪ್ರೋಟೀನು ಮತ್ತು ಸಕ್ಕರೆ ಬೇಗಬೇಗ ಕೂಡಿ ಕಂದಾಗುತ್ತವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಾಮಿಲ್ ಮೈಯಾರ್ ವಿವರಿಸಿದ ಕ್ರಿಯೆ ಇದು. ಬ್ರೆಡ್ಡಿಗೆ ಘಮ ಬರುವುದು ಇದರಿಂದಲೇ, ಪ್ಲೇಟಿಗೆ ಕರೆ ಹಿಡಿಯುವುದೂ ಇದರಿಂದಲೇ. ಮನೆಯಲ್ಲೇ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದಿದ್ದರೆ ಕರೆ ಇನ್ನೂ ಹೆಚ್ಚು. ತುಪ್ಪ ಕಾಸುವಾಗ ಆ ಅಂಶವೆಲ್ಲ ತಳದ ಗಸಿಯಾಗಿ ಬೇರೆಯಾಗುವುದರಿಂದ, ಬ್ರೆಡ್ಡಿಗೆ ಬೆಣ್ಣೆಯ ಬದಲು ತುಪ್ಪ ಸವರಿದವರ ಪ್ಲೇಟು ತಡವಾಗಿ ಕಂದಾಗುತ್ತದೆ. ತೊಳೆಯುವ ಕೆಲಸ ಕಡಿಮೆ ಮಾಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಮೂರನೆಯದು ಎಣ್ಣೆಯ ಅಂಟು. ಹಟ ಹಿಡಿಯುವುದು ಇದೇ. ಎಣ್ಣೆ ಬರೀ ಒಣಗಿ ಹೀಗಾಗುವುದಿಲ್ಲ. ಬಿಸಿ ಪ್ಲೇಟಿನ ಮೇಲೆ ತೆಳ್ಳಗೆ ಹರಡಿದ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿದಾಗ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಬಿಡಿಬಿಡಿಯಾಗಿ ಹರಿಯುತ್ತಿದ್ದವು ಬಲೆಯಾಗಿ ಹೆಣೆದುಕೊಂಡು, ಹಳೇ ಮನೆಯ ಬಾಗಿಲಿಗೆ ಹಚ್ಚಿದ ವಾರ್ನಿಷಿನಂತೆ ಗಟ್ಟಿ ಪೊರೆಯಾಗುತ್ತವೆ. ಸೂರ್ಯಕಾಂತಿ ಎಣ್ಣೆಯಲ್ಲಿ ಕೊಂಡಿ ಹಾಕಿಕೊಳ್ಳುವ ಗುಣದ ಲಿನೋಲಿಯಿಕ್ ಆಮ್ಲ ಹೆಚ್ಚು, ಹಾಗಾಗಿ ಬೇಗ ಅಂಟಾಗುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬು 90 ಶೇಕಡಾದಷ್ಟು ಸ್ಯಾಚುರೇಟೆಡ್, ಅಂದರೆ ಕೊಂಡಿ ಹಾಕಿಕೊಳ್ಳಲು ಎಡೆಯಿಲ್ಲದ್ದು, ಅದು ಅಷ್ಟು ಬೇಗ ಹೆಣೆದುಕೊಳ್ಳುವುದಿಲ್ಲ. ಕಬ್ಬಿಣದ ದೋಸೆ ಕಾವಲಿಯನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸುತ್ತೇವಲ್ಲ, ಅಲ್ಲಿ ನಡೆಯುವುದೂ ಇದೇ ಕ್ರಿಯೆ. ಕಾವಲಿಯಲ್ಲಿ ಬೇಕೆಂದು ಕಟ್ಟುವ ಪೊರೆ, ನಾನ್‌ಸ್ಟಿಕ್ ಪ್ಲೇಟಿನಲ್ಲಿ ಬೇಡದೆ ಕಟ್ಟುತ್ತದೆ.

ಕೊನೆಯದು ಪೂರ್ತಿ ಸೀದು ಕರಕಲಾದ ಇಂಗಾಲ. ಅದನ್ನು ಕರಗಿಸುವ ವಸ್ತು ಅಡುಗೆಮನೆಯಲ್ಲಿ ಯಾವುದೂ ಇಲ್ಲ. ಸುತ್ತಲಿನ ಪಿಷ್ಟ, ಪ್ರೋಟೀನು, ಎಣ್ಣೆ ಸಡಿಲವಾದರೆ ಕರಕಲು ತಾನಾಗಿ ಉದುರುತ್ತದೆ.

ಕೊಳೆ ಅಂಚಿನಲ್ಲೇ ಹೆಚ್ಚಾಗುವುದಕ್ಕೆ ಯಂತ್ರದ ರಚನೆಯೂ ಕಾರಣ. ಬ್ರೆಡ್ಡಿನ ಅಂಚು ಒತ್ತಿ ಮುಚ್ಚಿ, ಮೂಲೆಯಿಂದ ಮೂಲೆಗೆ ಎರಡು ಭಾಗ ಮಾಡುವ ಮಾದರಿಯನ್ನು ಆಸ್ಟ್ರೇಲಿಯಾದ ಬ್ರೆವಿಲ್ ಕಂಪನಿ 1974ರಲ್ಲಿ ಮಾರುಕಟ್ಟೆಗೆ ತಂದಿತು. ಇಂದು ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುವ ತ್ರಿಕೋನ ಅಚ್ಚಿನ ಮೇಕರುಗಳ ರೂಪವೂ ಅದೇ. ಒತ್ತಿದಾಗ ಹೂರಣದ ರಸ, ಕರಗಿದ ಬೆಣ್ಣೆ ಅಂಚಿಗೆ ಓಡುತ್ತದೆ. ಮೇಕರಿನ ಹಿಂಬದಿ ತುಸು ತಗ್ಗಾಗಿದ್ದರಂತೂ ಎಲ್ಲವೂ ಕೀಲಿನ ಕಡೆ ಹರಿದು, ಬಟ್ಟೆ ತಲುಪದ ಸಂದಿನಲ್ಲಿ ಕೂರುತ್ತದೆ.

ಸೋಡಾಪುಡಿ ಮಾಡುವ ಕೆಲಸ

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಬೋಂಡಾ ಹಿಟ್ಟಿಗೆ ಚಿಟಿಕೆ ಹಾಕುವುದು ಇದನ್ನೇ. ಬಿಸ್ಕತ್ ಪೊಟ್ಟಣದ ಹಿಂದೆ 500ನೇ ಸಂಖ್ಯೆಯ ಪದಾರ್ಥ ಎಂದು ಬರೆದಿರುವುದೂ ಇದೇ ಕುಟುಂಬದ್ದು. ತಿನ್ನುವ ಪದಾರ್ಥವೇ ಆದ್ದರಿಂದ, ತೊಳೆದ ಮೇಲೆ ಸಂದಿಯಲ್ಲಿ ಒಂದು ಕಾಳು ಉಳಿದರೂ ವಿಷವಾಗುವುದಿಲ್ಲ. ಊಟದ ಪ್ಲೇಟಿಗೆ ಬಟ್ಟೆ ಒಗೆಯುವ ಪುಡಿ ಹಾಕಲು ಹೆದರುವವರು ಇದನ್ನು ನೆಮ್ಮದಿಯಿಂದ ಹಾಕಬಹುದು.

ಇದು ಜಿಡ್ಡಿನ ಮೇಲೆ ಎರಡು ರೀತಿ ಕೆಲಸ ಮಾಡುತ್ತದೆ. ಮೊದಲನೆಯದು ರಾಸಾಯನಿಕ. ಪದೇ ಪದೇ ಕಾದ ಎಣ್ಣೆ ಸ್ವಲ್ಪ ಸ್ವಲ್ಪವೇ ಒಡೆದು ಕೊಬ್ಬಿನಾಮ್ಲಗಳನ್ನು ಬಿಡುತ್ತದೆ. ಹಳೇ ಎಣ್ಣೆಯ ಕಮಟು ವಾಸನೆಯಲ್ಲೂ ಅವುಗಳ ಪಾಲಿದೆ. ಕ್ಷಾರವಾದ ಸೋಡಾ ಆ ಆಮ್ಲಗಳ ಜೊತೆ ಸೇರಿದಾಗ ಅಲ್ಲೇ ಒಂದಿಷ್ಟು ಸಾಬೂನು ಹುಟ್ಟುತ್ತದೆ. ಹುಟ್ಟಿದ ಸಾಬೂನು ಪಕ್ಕದ ಎಣ್ಣೆಯನ್ನು ಹಿಡಿದು ನೀರಿಗೆ ತರುತ್ತದೆ. ಹೊಸ ಎಣ್ಣೆಯನ್ನು ಪೂರ್ತಿ ಸಾಬೂನು ಮಾಡುವಷ್ಟು ಶಕ್ತಿ ಇದಕ್ಕಿಲ್ಲ, ಅದಕ್ಕೆ ಬಹಳ ತೀಕ್ಷ್ಣ ಕ್ಷಾರವಾದ ಕಾಸ್ಟಿಕ್ ಸೋಡಾ ಬೇಕು. ಹೊಸ ಎಣ್ಣೆಗೆ ಪಾತ್ರೆ ಸೋಪೇ ಒಳ್ಳೆಯದು, ಹಳೆಯದಾಗಿ ಕಂದಾದ ಮೇಲೆ ಸೋಡಾ.

ಎರಡನೆಯದು ಉಜ್ಜುವ ಕೆಲಸ. 100 ಮಿಲಿ ನೀರಿನಲ್ಲಿ ಸೋಡಾಪುಡಿ ಕರಗುವುದು ಹತ್ತು ಗ್ರಾಮಿನ ಹತ್ತಿರ ಮಾತ್ರ. ಗಟ್ಟಿಯಾಗಿ ಕಲಸಿದ ಸೋಡಾದಲ್ಲಿ ಹೆಚ್ಚಿನ ಪುಡಿ ಕರಗದೆ ಕಾಳುಕಾಳಾಗಿಯೇ ಇರುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಹ್ಸ್ ಮಾಪಕದಲ್ಲಿ ಆ ಕಾಳಿಗೆ ಸುಮಾರು 2.5, ನಮ್ಮ ಉಗುರಿಗೂ ಹೆಚ್ಚುಕಡಿಮೆ ಅಷ್ಟೇ. ಮರಳಿಗೆ 7. ಸೋಡಾದ ಕಾಳು ಜಿಡ್ಡನ್ನು ಎಬ್ಬಿಸುತ್ತದೆ, ಹಗುರ ಕೈಯಲ್ಲಿ ಸವರಿದರೆ ಕೆಳಗಿನ ಲೇಪಕ್ಕೆ ಗೀರು ಬೀಳುವುದಿಲ್ಲ. ನಾನ್‌ಸ್ಟಿಕ್ ಲೇಪ, ಅಂದರೆ ಪಿಟಿಎಫ್‌ಇ, ಕ್ಷಾರಕ್ಕೂ ಆಮ್ಲಕ್ಕೂ ಜಗ್ಗುವ ವಸ್ತುವಲ್ಲ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಕಂಡುಹಿಡಿದ ಈ ವಸ್ತುವಿನ ಹೆಸರು ನಿಂತಿರುವುದೇ ಅದರ ಮೇಲೆ. ಆದರೆ ಅದು ಬಹಳ ಮೆತ್ತಗೆ. ಸ್ಟೀಲ್ ಸ್ಕ್ರಬ್ಬರು, ಚಾಕುವಿನ ತುದಿ, ರಂಗೋಲಿ ಪುಡಿ ಇವು ಅದನ್ನು ಗೀರಿಬಿಡುತ್ತವೆ. ಒಮ್ಮೆ ಗೀರು ಬಿತ್ತೆಂದರೆ ಮುಂದಿನ ಜಿಡ್ಡು ಅಲ್ಲೇ ಬೇರು ಬಿಡುತ್ತದೆ.

ನಮ್ಮ ಅಜ್ಜಿಯಂದಿರು ಬಚ್ಚಲೊಲೆಯ ಬೂದಿ, ತೆಂಗಿನ ನಾರು ಹಿಡಿದು ಪಾತ್ರೆ ತಿಕ್ಕುತ್ತಿದ್ದುದರ ಹಿಂದೆಯೂ ಇದೇ ತರ್ಕವಿತ್ತು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಅಡುಗೆ ಸೋಡಾಕ್ಕಿಂತ ಎಷ್ಟೋ ಪಟ್ಟು ತೀಕ್ಷ್ಣ ಕ್ಷಾರ. ಜೊತೆಗೆ ಗಟ್ಟಿ ಕಣಗಳು ಉಜ್ಜಲು ಒದಗುತ್ತವೆ. ಜಿಡ್ಡು ತೆಗೆಯಲು ಸೀಗೆ, ಅಂಟುವಾಳ. ಅವುಗಳಲ್ಲಿರುವ ಸಪೋನಿನ್ ಸಾಬೂನಿನ ಕೆಲಸ ಮಾಡುತ್ತದೆ. ತಾಮ್ರ, ಹಿತ್ತಾಳೆಯ ಕಿಲುಬಿಗೆ ಹುಣಸೆಹಣ್ಣು. ಯಾವ ಕೊಳೆಗೆ ಯಾವುದು ಎಂಬ ವಿಂಗಡಣೆ ಆ ಅಡುಗೆಮನೆಯಲ್ಲಿ ಸ್ಪಷ್ಟವಾಗಿತ್ತು. ಆದರೆ ಬೂದಿ ನಡೆದದ್ದು ಕಂಚು, ಹಿತ್ತಾಳೆ, ಕಬ್ಬಿಣಕ್ಕೆ. ಅದೇ ಬೂದಿಯನ್ನು ನಾನ್‌ಸ್ಟಿಕ್ ಪ್ಲೇಟಿಗೆ ಹಾಕಿದರೆ ಒಂದೆರಡು ಬಾರಿಗೇ ಲೇಪ ಮಾಸುತ್ತದೆ.

ಬಿಸಿ ಪ್ಲೇಟಿಗೆ ಯಾಕೆ ಹಾಕಬಾರದು

"ಪ್ಲೇಟು ಬಿಸಿಯಿರುವಾಗಲೇ ಸೋಡಾ ಹಾಕಿದರೆ ಬೇಗ ಬಿಡುತ್ತದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಅರ್ಧ ನಿಜ, ಮತ್ತು ಅಪಾಯ ಇರುವುದು ಆ ಅರ್ಧದಲ್ಲೇ.

ಸೋಡಿಯಂ ಬೈಕಾರ್ಬೊನೇಟ್ ಸುಮಾರು 50 ಡಿಗ್ರಿ ದಾಟಿದ ಮೇಲೆ ಮೆಲ್ಲಗೆ ಒಡೆಯತೊಡಗುತ್ತದೆ, 100 ದಾಟಿದರೆ ವೇಗವಾಗಿ. ಒಡೆದಾಗ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಹಾರಿಹೋಗಿ ಉಳಿಯುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ. ಪೂರ್ತಿ ಒಡೆದರೆ 100 ಗ್ರಾಂ ಅಡುಗೆ ಸೋಡಾ ಸುಮಾರು 63 ಗ್ರಾಂ ವಾಷಿಂಗ್ ಸೋಡಾ ಆಗುತ್ತದೆ. ಕಾರ್ಖಾನೆಯಲ್ಲೂ ಇದನ್ನೇ ಮಾಡುತ್ತಾರೆ. ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೆ 1861ರಲ್ಲಿ ರೂಪಿಸಿದ ವಿಧಾನದಲ್ಲಿ ಉಪ್ಪುನೀರು, ಅಮೋನಿಯಾ, ಸುಣ್ಣದ ಕಲ್ಲು ಸುಟ್ಟು ಬಂದ ಅನಿಲ ಇವು ಸೇರಿ ಮೊದಲು ಬೈಕಾರ್ಬೊನೇಟ್ ಗಸಿಯಾಗಿ ಇಳಿಯುತ್ತದೆ. ಅದನ್ನು ಕಾಯಿಸಿದರೆ ವಾಷಿಂಗ್ ಸೋಡಾದ ಮೂಲವಾದ ಸೋಡಾ ಆ್ಯಶ್ ಸಿಗುತ್ತದೆ. ಗುಜರಾತಿನ ಮಿಠಾಪುರದಲ್ಲಿ 1939ರಲ್ಲಿ ಸ್ಥಾಪನೆಯಾದ ಟಾಟಾ ಕೆಮಿಕಲ್ಸ್ ಇಂದಿಗೂ ಸಮುದ್ರದ ಉಪ್ಪಿನ ಬಲದ ಮೇಲೆ ಈ ಎರಡೂ ಸೋಡಾಗಳನ್ನು ತಯಾರಿಸುತ್ತದೆ. ಕಾದ ಪ್ಲೇಟಿಗೆ ಸೋಡಾ ಸುರಿದವರು ಆ ಕಾರ್ಖಾನೆಯ ಕೊನೆಯ ಹಂತವನ್ನು ತಮ್ಮ ಮೇಕರಿನ ಮೇಲೆ ನಡೆಸುತ್ತಾರೆ.

ವಾಷಿಂಗ್ ಸೋಡಾ ಆದರೆ ಏನಂತೆ ಎನ್ನುವಿರಾ? ಪಿಎಚ್ ಅಳತೆಯಲ್ಲಿ 7 ಎಂದರೆ ಶುದ್ಧ ನೀರು. ಅಡುಗೆ ಸೋಡಾದ ನೀರು ಸುಮಾರು 8.3, ವಾಷಿಂಗ್ ಸೋಡಾದ್ದು 11ರ ಆಸುಪಾಸು. ಒಂದು ಅಂಕ ಏರಿದರೆ ಕ್ಷಾರತೆ ಹತ್ತು ಪಟ್ಟು ಏರುವ ಲೆಕ್ಕವಿದು, ಹಾಗಾಗಿ ಎರಡರ ನಡುವಿನ ಅಂತರ ನೂರಾರು ಪಟ್ಟು. ಇನ್ನು ಪ್ಲೇಟಿನ ಲೇಪದ ಕೆಳಗಿರುವುದು ಅಲ್ಯೂಮಿನಿಯಂ. ಅದನ್ನು ಕಾಯುವುದು ಮೇಲ್ಮೈಯಲ್ಲಿ ತಾನಾಗಿ ಹುಟ್ಟುವ ತೆಳ್ಳಗಿನ ಆಕ್ಸೈಡ್ ಪೊರೆ. ಆ ಪೊರೆ ಗಟ್ಟಿಯಾಗಿ ನಿಲ್ಲುವುದು ಪಿಎಚ್ ಸುಮಾರು 4ರಿಂದ 8.5ರವರೆಗೆ. ಅಡುಗೆ ಸೋಡಾ ಆ ಗಡಿಯ ಒಳಗೇ, ಅಂಚಿನಲ್ಲಿ ನಿಂತಿದೆ. ವಾಷಿಂಗ್ ಸೋಡಾ ಗಡಿ ದಾಟಿ ಪೊರೆಯನ್ನು ತಿನ್ನುತ್ತದೆ, ಲೋಹ ಕಪ್ಪಾಗುತ್ತದೆ. ಕಾಸ್ಟಿಕ್ ಸೋಡಾ ಇರುವ ಓವನ್ ಕ್ಲೀನರ್ ಹಾಕಿದರಂತೂ ಲೋಹವೇ ಕರಗಿ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಲೇಪ ಗಟ್ಟಿಯಾಗಿರುವ ಕಡೆ ಏನೂ ಆಗದಿರಬಹುದು. ಗೀರು ಬಿದ್ದ ಜಾಗದಲ್ಲಿ, ಲೇಪ ತಲುಪದ ಅಂಚಿನಲ್ಲಿ ಆಗುತ್ತದೆ.

ಈ ಬದಲಾವಣೆಯನ್ನು ಕಣ್ಣಾರೆ ನೋಡಬೇಕೆಂದರೆ ಅರಿಶಿನ ಸಾಕು. ಆರತಿಯ ಓಕುಳಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗುವುದು ನಮಗೆಲ್ಲ ಗೊತ್ತು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ಕಂಡರೆ ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಒಂದು ಲೋಟ ಅರಿಶಿನದ ನೀರಿಗೆ ಅಡುಗೆ ಸೋಡಾ ಹಾಕಿ, ಕಿತ್ತಳೆ ಬೆರೆತ ಕಂದು ಬರುತ್ತದೆ. ಅದನ್ನೇ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಗುಳ್ಳೆಯೊಡೆದು ಅನಿಲ ಹೋದಂತೆಲ್ಲ ಬಣ್ಣ ಓಕುಳಿಯ ಕಡೆಗೆ ಗಾಢವಾಗುತ್ತದೆ. ಡಬ್ಬದ ಮೇಲಿನ ಚೀಟಿ ಅಳಿಸಿಹೋಗಿ ಒಳಗಿರುವುದು ಅಡುಗೆ ಸೋಡಾವೋ ವಾಷಿಂಗ್ ಸೋಡಾವೋ ಎಂಬ ಅನುಮಾನ ಬಂದಾಗಲೂ ಇದೇ ಪರೀಕ್ಷೆ ಮಾಡಿ. ತಣ್ಣೀರಿನಲ್ಲೇ ಕಡುಗೆಂಪು ಬಂದರೆ ಅದು ವಾಷಿಂಗ್ ಸೋಡಾ, ಅಡುಗೆಗೂ ಮೇಕರಿಗೂ ಬೇಡ.

ಪಲ್ಯ ಸೋರಿದ ಪ್ಲೇಟಿಗೆ ಸೋಡಾ ಮೆತ್ತಿದಾಗ ಅಲ್ಲಲ್ಲಿ ಇಟ್ಟಿಗೆ ಬಣ್ಣದ ಕಲೆ ಎದ್ದು ಗಾಬರಿಯಾಗುವುದುಂಟು. ಅದು ಈ ಅರಿಶಿನವೇ. ಪ್ಲೇಟು ಸುಟ್ಟಿಲ್ಲ, ಲೇಪ ಕಿತ್ತಿಲ್ಲ. ಒರೆಸಿದರೆ ಹೋಗುತ್ತದೆ, ಉಳಿದರೆ ಒಂದು ಹನಿ ನಿಂಬೆರಸ ತಾಗಿಸಿ, ಮತ್ತೆ ಹಳದಿಯಾಗಿ ಮಾಸುತ್ತದೆ.

ಮಾಡುವ ಬಗೆ

ಪ್ಲಗ್ ಕಿತ್ತು ಯಂತ್ರವನ್ನು ಆರಲು ಬಿಡಿ. ಅಂಗೈ ಇಟ್ಟರೆ ಹಿತವಾಗುವಷ್ಟು, 40 ಡಿಗ್ರಿಯ ಹತ್ತಿರ, ಬೆಚ್ಚಗಿದ್ದರೆ ಸಾಕು. ತೀರಾ ತಣ್ಣಗಾದರೆ ಕೊಬ್ಬು ಹೆಪ್ಪುಗಟ್ಟಿ ಹಟ ಮಾಡುತ್ತದೆ. ಮೊದಲು ಒಣ ಬ್ರಷ್ಷಿನಿಂದ ಚೂರುಗಳನ್ನೆಲ್ಲ ಉದುರಿಸಿ. ಪೇಂಟಿನ ಸಣ್ಣ ಬ್ರಷ್ಷೊಂದನ್ನು ಹೊಸದಾಗಿ ತಂದು ಇದಕ್ಕೇ ಇಟ್ಟುಕೊಂಡರೆ ಕೀಲಿನ ಸಂದಿಗೂ ತಲುಪುತ್ತದೆ. ಚೂರುಗಳ ಮೇಲೇ ನೀರು ಹಾಕಿದರೆ ಅವೆಲ್ಲ ಹಿಟ್ಟಾಗಿ ಸಂದಿಗೆ ಇಳಿಯುತ್ತವೆ.

ಆಮೇಲೆ ಹತ್ತಿಬಟ್ಟೆಯೊಂದನ್ನು ನೆನೆಸಿ, ಒಂದು ಹನಿಯೂ ಬೀಳದಂತೆ ಹಿಂಡಿ, ಮಡಿಸಿ ಪ್ಲೇಟುಗಳ ನಡುವೆ ಇಟ್ಟು ಮುಚ್ಚಿ. ಹತ್ತು ನಿಮಿಷದಲ್ಲಿ ಪಿಷ್ಟ, ಪ್ರೋಟೀನು ತೇವ ಕುಡಿದು ಮೆತ್ತಗಾಗುತ್ತವೆ. ಬಟ್ಟೆಗೆ ಪಾತ್ರೆ ಸೋಪು ತಾಗಿಸಿ ಒಮ್ಮೆ ಒರೆಸಿ ತೆಗೆದರೆ ಹೊಸ ಜಿಡ್ಡೂ ಹೋಗುತ್ತದೆ. ವಾರಕ್ಕೊಮ್ಮೆ ಇಷ್ಟು ಮಾಡುವವರಿಗೆ ಎಷ್ಟೋ ಸಲ ಸೋಡಾದ ಅಗತ್ಯವೇ ಬೀಳುವುದಿಲ್ಲ.

ಉಳಿದ ಕಂದು ಪದರಕ್ಕೆ ಮೂರು ಚಮಚ ಸೋಡಾಪುಡಿಗೆ ಒಂದು ಚಮಚ ನೀರು ಹಾಕಿ ಕಲಸಿ. ಚಮಚ ಓರೆ ಮಾಡಿದರೆ ಜಾರಬೇಕು, ಹರಿಯಬಾರದು. ನೀರು ಹೆಚ್ಚಾದರೆ ಅಂಚಿನಿಂದ ಒಳಗಿನ ತಂತಿಯ ಕಡೆ ಇಳಿಯುವ ಭಯ. ಕೆಳಗಿನ ಪ್ಲೇಟಿಗೆ ಸುಲಭವಾಗಿ ಹಚ್ಚಬಹುದು. ಮೇಲಿನದಕ್ಕೆ ಕಲೆ ಇರುವ ಜಾಗಕ್ಕೆ ಮಾತ್ರ ಬೆರಳಿನಿಂದ ಒತ್ತಿ ಮೆತ್ತಿ. ಮೇಲೆ ಆ ಒದ್ದೆ ಬಟ್ಟೆಯನ್ನೇ ಹೊದಿಸಿ ಅರ್ಧ ಗಂಟೆ ಬಿಡಿ. ಹೊದಿಸುವುದು ಮುಖ್ಯ. ಸೋಡಾ ಒಣಗಿ ಹಪ್ಪಳವಾಯಿತೆಂದರೆ ಕ್ರಿಯೆ ಅಲ್ಲಿಗೇ ನಿಂತಿತು, ಕ್ಷಾರ ಕೆಲಸ ಮಾಡಲು ನೀರು ಬೇಕೇ ಬೇಕು. ಈ ಒಂದು ವಿಷಯದಲ್ಲಿ ಮಲೆನಾಡಿನ ಥಂಡಿ ಹವೆ ನಮ್ಮ ಪಕ್ಷದಲ್ಲಿದೆ, ಬಯಲುಸೀಮೆಯ ಬೇಸಿಗೆಯಲ್ಲಿ ಒಣಗುವಷ್ಟು ಬೇಗ ಇಲ್ಲಿ ಒಣಗುವುದಿಲ್ಲ.

ಬಟ್ಟೆ ತೆಗೆದಾಗ ಬಿಳಿಯ ಸೋಡಾ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೆಲಸ ನಡೆದಿದೆ ಎಂದರ್ಥ, ಕಂದು ಪದಾರ್ಥ ಕ್ಷಾರಕ್ಕೆ ಕರಗಿ ಬಂದಿದೆ. ಮೆತ್ತನೆಯ ಸ್ಪಂಜು ಅಥವಾ ಬಟ್ಟೆಯಿಂದ ಸುತ್ತಿ ಸುತ್ತಿ ಸವರಿ. ಏಣುಗಳ ನಡುವಿನ ತಗ್ಗಿಗೆ ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಒಂದೇ ಸಲಕ್ಕೆ ಎಲ್ಲ ಹೋಗಲಿಲ್ಲವೆಂದು ಬಲ ಹಾಕಬೇಡಿ. ವರ್ಷಗಟ್ಟಲೆ ಕಟ್ಟಿದ ಪೊರೆಗೆ ಮರುದಿನ ಇನ್ನೊಮ್ಮೆ ಮೆತ್ತಿ, ಪದರ ಪದರವಾಗಿ ಬಿಡುತ್ತದೆ.

ಒರೆಸುವಾಗ ಜಿಪುಣತನ ಬೇಡ. ಹಿಂಡಿದ ಒದ್ದೆ ಬಟ್ಟೆಯನ್ನು ಮತ್ತೆ ಮತ್ತೆ ಜಾಲಿಸಿ, ಒಣಗಿದ ಪ್ಲೇಟಿನ ಮೇಲೆ ಬಿಳಿ ಮಸುಕು ಕಾಣದಷ್ಟು ಸಲ ಒರೆಸಬೇಕು. ಸೋಡಾ ಉಳಿದರೆ ಮುಂದಿನ ಬಾರಿ ಕಾದಾಗ ಅದೇ ವಾಷಿಂಗ್ ಸೋಡಾ ಆಗಿ ಬ್ರೆಡ್ಡಿಗೆ ಸಾಬೂನಿನ ರುಚಿ ಬರುತ್ತದೆ, ಕ್ಷಾರ ತಾಗಿದ ಜಾಗದಲ್ಲಿ ಬ್ರೆಡ್ಡು ಕಪ್ಪು ಚುಕ್ಕೆಯಾಗಿ ಬೇಗ ಸೀಯುತ್ತದೆ. ನೀರಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಲೆನಾಡಿನ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಬೇಗ ಶುಭ್ರವಾಗುತ್ತದೆ. ಆಳದ ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣದಂಶ ಸೇರಿ ಬಿಳಿ ಗೆರೆ ಉಳಿಯುತ್ತದೆ, ಕೊನೆಯ ಒರೆಸುವಿಕೆಗೆ ಕುಡಿಯುವ ಫಿಲ್ಟರ್ ನೀರು ಬಳಸಿದರೆ ಆಯಿತು.

ವಿನಿಗರ್, ನಿಂಬೆ, ಹುಣಸೆ

ಸೋಡಾದ ಮೇಲೆ ವಿನಿಗರ್ ಸುರಿದು ಬುಸ್ಸೆಂದು ನೊರೆ ಏಳಿಸುವ ವಿಡಿಯೊಗಳು ಎಲ್ಲರ ಫೋನಿನಲ್ಲೂ ಇವೆ. ನೋಡಲು ಚೆಂದ. ಆದರೆ ಸೋಡಾ ಕ್ಷಾರ, ವಿನಿಗರ್ ಆಮ್ಲ, ಎರಡೂ ಸೇರಿದರೆ ಒಂದನ್ನೊಂದು ಕೊಂದುಕೊಂಡು ಸೋಡಿಯಂ ಅಸಿಟೇಟ್ ಎಂಬ ಲವಣ, ನೀರು, ಅನಿಲ ಆಗುತ್ತವೆ. ಆ ಲವಣಕ್ಕೆ ಜಿಡ್ಡು ತೆಗೆಯುವ ಗುಣವಿಲ್ಲ. ಗುಳ್ಳೆಯ ಒತ್ತಡಕ್ಕೆ ಸಡಿಲವಾದ ಚೂರು ಏಳಬಹುದು, ಅಷ್ಟೇ ಲಾಭ. ಅದರ ಜೊತೆ ವಿದ್ಯುತ್ ಯಂತ್ರದ ಸಂದಿಗೆ ನೊರೆ ನೀರು ನುಗ್ಗುವ ಅಪಾಯ ಬೇರೆ. ಬೇಕಿಂಗ್ ಪೌಡರಿನಲ್ಲೂ ಈನೋದಂಥ ಪುಡಿಗಳಲ್ಲೂ ಸೋಡಾದ ಜೊತೆ ಮೊದಲೇ ಆಮ್ಲ ಬೆರೆತಿರುವುದರಿಂದ ಅವೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹುಳಿಗೆ ತನ್ನದೇ ಜಾಗವಿದೆ. ಗ್ಯಾಸ್ ಒಲೆಯ ಮೇಲೆ ಹಿಡಿಯುವ, ಉದ್ದ ಹಿಡಿಕೆಯ ಟೋಸ್ಟರುಗಳಲ್ಲಿ ಎಷ್ಟೋ ಲೇಪವಿಲ್ಲದ ಬರೀ ಅಲ್ಯೂಮಿನಿಯಂ. ಕರೆಂಟು ಕೈಕೊಡುವ ಊರುಗಳಲ್ಲಿ ಇಂದಿಗೂ ಇವೇ ಆಸರೆ. ಇದಕ್ಕೆ ಸೋಡಾ ಹಚ್ಚಿದರೆ ಕಾಲು ಗಂಟೆಗಿಂತ ಹೆಚ್ಚು ಬಿಡಬೇಡಿ, ರಾತ್ರಿಯಿಡೀ ಬಿಟ್ಟರೆ ಲೋಹ ಮಂಕಾಗುತ್ತದೆ. ಮಂಕಾದದ್ದಕ್ಕೆ ಮದ್ದು ಹುಳಿ: ಸೋಡಾ ಪೂರ್ತಿ ತೊಳೆದ ಮೇಲೆ ನಿಂಬೆಹಣ್ಣಿನ ಸಿಪ್ಪೆಯನ್ನೋ ಹುಣಸೆಯ ಚರಟವನ್ನೋ ಉಜ್ಜಿ, ಎರಡು ನಿಮಿಷದಲ್ಲಿ ತೊಳೆದುಬಿಡಿ. ಒಂದಾದ ಮೇಲೆ ಒಂದು ಬಳಸಿದರೆ ಎರಡಕ್ಕೂ ಬೆಲೆ. ತಂತಿಯಿಲ್ಲದ ಟೋಸ್ಟರನ್ನು ನಲ್ಲಿಯ ಕೆಳಗೇ ತೊಳೆಯಬಹುದಾದ್ದರಿಂದ ಕೆಲಸವೂ ಹಗುರ. ಆದರೆ ನಾನ್‌ಸ್ಟಿಕ್ ಲೇಪವಿರುವ ಗ್ಯಾಸ್ ಟೋಸ್ಟರನ್ನು ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಿ ಜಿಡ್ಡು ಸುಡಲು ಹೋಗಬೇಡಿ. 260 ಡಿಗ್ರಿ ದಾಟಿದ ಮೇಲೆ ಪಿಟಿಎಫ್‌ಇ ಹಾಳಾಗತೊಡಗುತ್ತದೆ, ಇನ್ನೂ ಏರಿದರೆ ಕೆಟ್ಟ ಹೊಗೆ ಬಿಡುತ್ತದೆ. ಉರಿಗೆ ವಿದ್ಯುತ್ ಮೇಕರಿನಂತೆ ತಾನಾಗಿ ನಿಲ್ಲುವ ಥರ್ಮೋಸ್ಟಾಟ್ ಇಲ್ಲ.

ಒಣಗಿಸುವುದು

ಮಲೆನಾಡಿನಲ್ಲಿ ತೊಳೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಲ್ಲಿ ಮಾತ್ರ ಅಲ್ಲ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯೂ ಜುಲೈ ತಿಂಗಳಲ್ಲಿ ಕಪಾಟಿನ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಸಂದಿಯಲ್ಲಿ ಉಳಿದ ಬ್ರೆಡ್ಡಿನ ಚೂರಿಗೆ ಹಿಡಿಯದೇ ಇರುತ್ತದೆಯೇ? ತೊಳೆದ ಮೇಕರನ್ನು ಮುಚ್ಚಿ ಎತ್ತಿಡಬೇಡಿ. ಮುಚ್ಚಳ ತೆರೆದು ಫ್ಯಾನಿನ ಕೆಳಗೆ ರಾತ್ರಿಯಿಡೀ ಇಡಿ, ಬಿಸಿಲಿದ್ದರೆ ಬಿಸಿಲಿಗೆ. ಆಮೇಲೂ ಎರಡು ಪ್ಲೇಟುಗಳ ನಡುವೆ ಒಣ ಬಟ್ಟೆಯೊಂದನ್ನು ಇಟ್ಟು ಮುಚ್ಚಿದರೆ ಒಳಗೆ ತೇವ ನಿಲ್ಲುವುದಿಲ್ಲ.

ಯಂತ್ರದೊಳಗಿನ ತಂತಿಯ ವಿಷಯ ಇನ್ನೂ ಮುಖ್ಯ. ಕಾಯುವ ಸುರುಳಿ ಲೋಹದ ಕೊಳವೆಯೊಳಗೆ ಇರುತ್ತದೆ. ಕೊಳವೆಗೂ ಸುರುಳಿಗೂ ನಡುವೆ ವಿದ್ಯುತ್ ದಾಟದಂತೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಆ ಪುಡಿಗೆ ಗಾಳಿಯ ತೇವ ಹೀರುವ ಸ್ವಭಾವ. ತಿಂಗಳುಗಟ್ಟಲೆ ಬಳಸದೆ ಅಟ್ಟದ ಮೇಲಿಟ್ಟ ಮೇಕರನ್ನು ಮಳೆಗಾಲದಲ್ಲಿ ಇಳಿಸಿ ಪ್ಲಗ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕರೆಂಟು ಕಡಿಯುವ ಸ್ವಿಚ್ಚು) ಟಪ್ಪೆಂದು ಬೀಳುವುದಕ್ಕೆ ಅನೇಕ ಸಲ ಇದೇ ಕಾರಣ. ಸಾಮಾನ್ಯವಾಗಿ ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂಥದ್ದು, ಜೀವ ಉಳಿಸಲೆಂದೇ ಇರುವಂಥದ್ದು. ತೊಳೆಯುವಾಗ ಒಳಗೆ ನೀರು ಇಳಿದಿದ್ದರೂ ಇದೇ ಆಗುತ್ತದೆ. ಹಾಗೆ ಬಿದ್ದರೆ, ಅಥವಾ ಹೊರಮೈ ಮುಟ್ಟಿದಾಗ ಜುಮ್ಮೆಂದರೆ, ಪ್ಲಗ್ ಕಿತ್ತು ಬೆಚ್ಚಗಿನ ಒಣ ಜಾಗದಲ್ಲಿ ಕೆಲವು ದಿನ ಇಡಿ, ಆಮೇಲೆ ಎಲೆಕ್ಟ್ರಿಷಿಯನ್ನಿಗೆ ತೋರಿಸಿಯೇ ಬಳಸಿ. ಆರ್‌ಸಿಸಿಬಿ ಬೀಳುತ್ತದೆಂದು ಅರ್ಥ್ ಪಿನ್ ಮುರಿದೋ, ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿಯೋ ಓಡಿಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ದಯವಿಟ್ಟು ಅದೊಂದನ್ನು ಮಾಡಬೇಡಿ.